ಜರ್ಮನಿಯ ತಂಡ ಒಪ್ಪಿದೆ, ಹಣ ಎಲ್ಲಿಂದ? ವಸ್ತುವಿಜ್ಞಾನದ ಜಂಟಿ ಸಂಶೋಧನೆಗೆ ಅನುದಾನದ ದಾರಿಗಳು

ಪ್ರಶ್ನೆ: ಮಧ್ಯ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ಸೋಡಿಯಂ-ಅಯಾನ್ ಬ್ಯಾಟರಿಯ ಕ್ಯಾಥೋಡ್ (ಧನ ವಿದ್ಯುದ್ವಾರ) ಪದಾರ್ಥಗಳ ಮೇಲೆ ನಮ್ಮ ಕೆಲಸ. ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು, ಎಕ್ಸ್-ಕಿರಣದಿಂದ ಹರಳಿನ ರಚನೆ ಅಳೆಯುವ ಒಂದು ಎಕ್ಸ್‌ಆರ್‌ಡಿ ಯಂತ್ರ, ಗಾಳಿ ಸೋಕದಂತೆ ಕೆಲಸ ಮಾಡುವ ಒಂದು ಗ್ಲವ್ ಬಾಕ್ಸ್ ಇವೆ. ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ಒಳಗಿನ ರಚನೆ ಅಳೆಯುವುದರಲ್ಲಿ ಪಳಗಿದ ಜರ್ಮನಿಯ ಒಂದು ತಂಡ ಜೊತೆಗೂಡಲು ಒಪ್ಪಿದೆ. ಭಾರತದ ಕಡೆಯಿಂದ ಹಣ ಹೇಗೆ ಬರುತ್ತದೆ ಎಂದು ಅವರು ಕೇಳುತ್ತಿದ್ದಾರೆ. ಎಲ್ಲಿ ಅರ್ಜಿ ಹಾಕಬೇಕು, ಏನೇನು ಸಿಗುತ್ತದೆ, ಯಾವ ಕ್ರಮದಲ್ಲಿ ಹೋಗಬೇಕು?

ಉತ್ತರ: ಭಾರತದ ಕಡೆಯಿಂದ ಅವರಿಗೆ ಹಣ ಬರುವುದಿಲ್ಲ, ಅವರ ಕಡೆಯಿಂದ ನಿಮಗೂ ಬರುವುದಿಲ್ಲ ಎಂದು ಇವತ್ತೇ ಬರೆದುಬಿಡಿ. ಜಂಟಿ ಯೋಜನೆಗೆ ಎರಡು ಸರ್ಕಾರಗಳ ಒಪ್ಪಂದ ಇರುತ್ತದೆ, ಖಾತೆಗಳು ಮಾತ್ರ ಬೇರೆ ಬೇರೆ. ನಿಮ್ಮ ಖರ್ಚು ದೆಹಲಿಯ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು, ಅಂದರೆ ಡಿಎಸ್‌ಟಿಯದು. ಅವರ ಖರ್ಚು ಜರ್ಮನಿಯ ವಿದ್ವತ್ ವಿನಿಮಯ ಸಂಸ್ಥೆ ಡಿಎಎಡಿ ಅಥವಾ ಅಲ್ಲಿನ ಸಂಶೋಧನಾ ಸಚಿವಾಲಯದ್ದು. ಯುರೋಪಿನ ದೇಶಗಳ ಮುಂದಾಳತ್ವದಲ್ಲಿ, ಹೊರಗಿನ ಕೆಲವು ದೇಶಗಳೂ ಸೇರಿ ನಡೆಸುವ ಎಂ-ಎರಾ.ನೆಟ್ ಎಂಬ ವಸ್ತುವಿಜ್ಞಾನದ ಜಾಲದಲ್ಲೂ, ಬ್ರಿಕ್ಸ್ ದೇಶಗಳ ವಿಜ್ಞಾನ ಕರೆಗಳಲ್ಲೂ (ಅರ್ಜಿ ಆಹ್ವಾನಗಳಲ್ಲೂ) ಇದೇ ಪದ್ಧತಿ. ಕರೆ ಒಂದೇ, ಹಣ ಅವರವರ ದೇಶದಿಂದ. ಹಾಗಾಗಿ ಯೋಜನೆ ಬದುಕಬೇಕಾದರೆ ಎರಡೂ ಕಡೆ ಒಪ್ಪಿಗೆ ಸಿಗಬೇಕು. ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ಎಷ್ಟೇ ಅಂಕ ಬಂದಿದ್ದರೂ ಅಲ್ಲಿಗೆ ಮುಗಿಯಿತು.

ಎರಡನೆಯ ಸಂಗತಿ ಇದಕ್ಕಿಂತ ಮುಖ್ಯ. ದ್ವಿಪಕ್ಷೀಯ ಕರೆಗಳಲ್ಲಿ ಬಹುಪಾಲು ಓಡಾಟದ ಹಣ ಮಾತ್ರ ಕೊಡುತ್ತವೆ: ವಿಮಾನ ಟಿಕೆಟ್, ದಿನಭತ್ಯೆ, ವೀಸಾ, ವಿಮೆ, ಅದರ ಮೇಲೆ ಸ್ವಲ್ಪ ಕನ್ಸ್ಯೂಮಬಲ್ಸ್. ಡಿಎಸ್‌ಟಿ ಮತ್ತು ಡಿಎಎಡಿ ಜೊತೆಯಾಗಿ ನಡೆಸುವ, ಸಂಶೋಧಕರ ವಿನಿಮಯದ ಪಿಪಿಪಿ ಯೋಜನೆ ಇದಕ್ಕೆ ಒಳ್ಳೆಯ ಮಾದರಿ. ಎರಡು ವರ್ಷ, ಎರಡೂ ಕಡೆಯ ತಂಡಗಳ ಭೇಟಿ, ಅದರಲ್ಲೂ ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪೋಸ್ಟ್‌ಡಾಕ್‌ಗಳಿಗೆ ಆದ್ಯತೆ. ಇದರಲ್ಲಿ ಉಪಕರಣ ಕೊಳ್ಳಲಾಗದು. ವಿದ್ಯಾರ್ಥಿಯ ಫೆಲೋಶಿಪ್ ಇದರಿಂದ ಹೊರಡುವುದಿಲ್ಲ. ಒಬ್ಬ ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೋಗೆ, ಮೂರು ವರ್ಷಕ್ಕೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ ನೋಡಿ. 2023ರ ಜನವರಿಯಿಂದ ಜಾರಿಯಲ್ಲಿರುವ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮೂರನೇ ವರ್ಷ ಹಿರಿಯ ಫೆಲೋ (ಎಸ್‌ಆರ್‌ಎಫ್) ಆದಾಗ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬಿಟ್ಟೇ ಒಟ್ಟು 13.92 ಲಕ್ಷ. ಓಡಾಟದ ಅನುದಾನದಲ್ಲಿ ಇದಕ್ಕೆ ಜಾಗವೇ ಇಲ್ಲ. ಅಂಥ ಅನುದಾನ ಎಲೆ ತುದಿಯ ಉಪ್ಪಿನಕಾಯಿ, ಅನ್ನ ನಿಮ್ಮ ಒಲೆಯ ಮೇಲೇ ಬೇಯಬೇಕು.

ಆದ್ದರಿಂದ ಮೊದಲು ಮೂಲ ಅನುದಾನ, ಆಮೇಲೆ ಬೀಮ್‌ಟೈಮ್ (ದೊಡ್ಡ ಎಕ್ಸ್-ಕಿರಣ ಕೇಂದ್ರಗಳಲ್ಲಿ ಅಳತೆಗೆ ಸಿಗುವ ಸಮಯ), ಅದಾದ ಮೇಲೆ ದ್ವಿಪಕ್ಷೀಯ ಅರ್ಜಿ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ವಿದೇಶದಿಂದ ಒಪ್ಪಿಗೆ ಬಂದ ಖುಷಿಯಲ್ಲಿ ಮೊದಲು ಕಂಡ ಕರೆಗೆ ಅರ್ಜಿ ಹಾಕುತ್ತಾರೆ, ಜಂಟಿ ಪ್ರಬಂಧವಾಗಲಿ ಜಂಟಿ ದತ್ತಾಂಶವಾಗಲಿ ಇಲ್ಲದೆ ಅದು ಬೀಳುತ್ತದೆ, ಬರುವ ಕರೆಗೆ ಮತ್ತೊಂದು ವರ್ಷ ಕಾಯುತ್ತಾರೆ.

ಮೂಲ ಅನುದಾನ

2023ರ ಕಾಯ್ದೆಯಡಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್, ಹಳೆಯ ಸಂಶೋಧನಾ ಅನುದಾನ ಮಂಡಳಿ ಎಸ್‌ಇಆರ್‌ಬಿಯ ಜಾಗದಲ್ಲಿ ಕೂತಿದೆ. ಹೊಸಬರಿಗೆ ಅದರ ಪಿಎಂ ಅರ್ಲಿ ಕರಿಯರ್ ಅನುದಾನ ಇದೆ, ಪಳಗಿದವರಿಗೆ ಅಡ್ವಾನ್ಸ್ಡ್ ರಿಸರ್ಚ್ ಅನುದಾನ. ಫೆಲೋ, ಉಪಕರಣ, ರಾಸಾಯನಿಕ ಮೂರೂ ಇಲ್ಲಿಂದ ಬರಬೇಕು. ಅದೇ ಸಂಸ್ಥೆಯ ಪೇರ್ ಯೋಜನೆಯಲ್ಲಿ ದೊಡ್ಡ ಸಂಸ್ಥೆಯೊಂದು ಹಬ್ ಆಗಿ, ಸುತ್ತಲಿನ ವಿಶ್ವವಿದ್ಯಾಲಯಗಳು ಸ್ಪೋಕ್ ಆಗಿ ಸೇರುತ್ತವೆ. ನಿಮ್ಮ ವಿಶ್ವವಿದ್ಯಾಲಯ ಯಾವುದಾದರೂ ಹಬ್‌ಗೆ ಸೇರಿದೆಯೇ ಎಂದು ಸಂಶೋಧನಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಎಷ್ಟೋ ಕಡೆ ವಿಭಾಗಗಳಿಗೆ ಈ ಸುದ್ದಿಯೇ ತಲುಪಿರುವುದಿಲ್ಲ. ರಾಜ್ಯದ ವಿಜ್ಞಾನ-ತಂತ್ರಜ್ಞಾನ ವಿಷನ್ ಗ್ರೂಪ್, ಅಂದರೆ ವಿಜಿಎಸ್‌ಟಿ, ಯುವ ಸಂಶೋಧಕರಿಗೆ ಬೀಜಧನವನ್ನೂ ವಿಭಾಗಗಳಿಗೆ ಸೌಕರ್ಯದ ಹಣವನ್ನೂ ಕೊಡುತ್ತ ಬಂದಿದೆ. ಮೊತ್ತ ಸಣ್ಣದು. ಆದರೆ ಬ್ಯಾಟರಿ ಪರೀಕ್ಷಿಸುವ ಪೊಟೆನ್ಷಿಯೋಸ್ಟ್ಯಾಟ್‌ನ ಒಂದೆರಡು ಚಾನೆಲ್ ಹೆಚ್ಚಿಸಿಕೊಳ್ಳಲು, ಆರ್ಗಾನ್ ಶುದ್ಧೀಕರಣ ದುರಸ್ತಿ ಮಾಡಿಸಲು ಅಷ್ಟು ಸಾಕಾಗಬಹುದು, ಜರ್ಮನಿಗೆ ಕಳಿಸುವ ಸ್ಯಾಂಪಲ್‌ನ ಗುಣಮಟ್ಟ ನಿಂತಿರುವುದೂ ಅಲ್ಲೇ.

ಬೀಮ್‌ಟೈಮ್: ಬಾಗಿಲು ಜಕ್ಕೂರಿನಲ್ಲಿದೆ

ನಿಮ್ಮ ವಿಷಯಕ್ಕೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಬೇಗ ಫಲ ಕೊಡುವ ದಾರಿ ಇದು. ಪ್ರಯೋಗಾಲಯದ ಎಕ್ಸ್‌ಆರ್‌ಡಿಯ ತಾಮ್ರದ ಕಿರಣ ಸುಮಾರು 8 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯದು. ಕಾಯಿನ್ ಸೆಲ್‌ನ ಉಕ್ಕಿನ ತೊಗಟೆಯನ್ನು ಅದು ದಾಟಲಾರದು. ಕ್ಯಾಥೋಡ್‌ನಲ್ಲಿ ಕಬ್ಬಿಣ, ಮ್ಯಾಂಗನೀಸ್ ಇದ್ದರೆ ಅವೇ ಹೊರಸೂಸುವ ಕಿರಣದಿಂದ (ಪ್ರತಿದೀಪ್ತಿ) ಹಿನ್ನೆಲೆಯ ಗದ್ದಲವೂ ಏರುತ್ತದೆ. ಹ್ಯಾಂಬರ್ಗ್‌ನ ಡೆಸಿ ಸಂಸ್ಥೆಯಲ್ಲಿ ಪೆಟ್ರಾ-3 ಎಂಬ 6 ಜಿಇವಿ ಸಿಂಕ್ರೋಟ್ರಾನ್, ಅಂದರೆ ತೀವ್ರ ಎಕ್ಸ್-ಕಿರಣ ಹುಟ್ಟಿಸುವ ಬೃಹತ್ ಯಂತ್ರ, ಇದೆ. ಅದರ ಪಿ02.1 ಬೀಮ್‌ಲೈನ್ ಸುಮಾರು 60 ಕೆಇವಿ ಕಿರಣದಲ್ಲಿ ಪುಡಿ ವಿವರ್ತನೆ ಅಳೆಯುತ್ತದೆ. ಆ ಶಕ್ತಿಯ ಕಿರಣಕ್ಕೆ ಸೆಲ್‌ನ ಗೋಡೆ ದೊಡ್ಡ ಅಡ್ಡಿಯಾಗದು. 4 ವೋಲ್ಟ್ ದಾಟಿದ ಮೇಲೆ ಪದರ ರಚನೆ ಜಾರುತ್ತದೆಯೇ, ಜಾರಿದ್ದು ಡಿಸ್‌ಚಾರ್ಜ್‌ನಲ್ಲಿ ಮರಳುತ್ತದೆಯೇ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲಿ ಕಾಣುತ್ತದೆ.

ಪೆಟ್ರಾ-3ರಲ್ಲಿ ಭಾರತೀಯ ಸಂಶೋಧಕರಿಗೆ ಡಿಎಸ್‌ಟಿ ಹಣದಲ್ಲಿ ಪ್ರತ್ಯೇಕ ಅವಕಾಶವಿದೆ. ಅದನ್ನು ನಡೆಸಿಕೊಡುತ್ತಿರುವುದು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಇಂಡಿಯಾ ಅಟ್ ಡೆಸಿ ಎಂದು ಇದನ್ನು ಕರೆಯುತ್ತಾರೆ. ಹ್ಯಾಂಬರ್ಗ್‌ಗೆ ಹೋಗಲು ನೀವು ಮೊದಲು ಹತ್ತಬೇಕಾದದ್ದು ಬೆಂಗಳೂರಿನ ಬಸ್ಸು. ಬ್ರಿಟನ್ನಿನ ಐಸಿಸ್ ನ್ಯೂಟ್ರಾನ್ ಕೇಂದ್ರದ ಭಾರತೀಯ ಪಾಲುದಾರಿಕೆಯೂ ಇದೇ ಕೇಂದ್ರದ ಮೂಲಕ ನಡೆದಿದೆ. ಇಟಲಿಯ ಟ್ರಿಯೆಸ್ಟೆಯ ಎಲೆಟ್ರಾದಲ್ಲಿ ಎಕ್ಸ್‌ಆರ್‌ಡಿ2 ಮತ್ತು ಅಧಿಕ ಒತ್ತಡದ ಎಕ್ಸ್‌ಪ್ರೆಸ್ ಬೀಮ್‌ಲೈನ್‌ಗಳು ಡಿಎಸ್‌ಟಿ ಹಣದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪಾಲುದಾರಿಕೆಯಲ್ಲಿ ಬಂದವು. ಜಪಾನಿನ ಸುಕುಬಾದ ಫೋಟಾನ್ ಫ್ಯಾಕ್ಟರಿಯ ಬಿಎಲ್-18ಬಿ ಬೀಮ್‌ಲೈನನ್ನು ಕೋಲ್ಕತ್ತದ ಸಾಹಾ ಸಂಸ್ಥೆ ಕಟ್ಟಿತು. ಇವೆಲ್ಲ ಆಗುವ ಮೊದಲು ಇಂದೋರಿನ 2.5 ಜಿಇವಿಯ ಇಂಡಸ್-2ರಲ್ಲಿ ಒಂದು ಅಳತೆ ಮುಗಿಸಿಕೊಳ್ಳಿ. ವಿದೇಶಿ ಬೀಮ್‌ಟೈಮ್ ಅರ್ಜಿಗೆ ಬೇಕಾದ ಪ್ರಾಥಮಿಕ ದತ್ತಾಂಶ ಅಲ್ಲೇ ಸಿಗುತ್ತದೆ, ಪಾಸ್‌ಪೋರ್ಟೂ ಬೇಡ.

ಫಲಿತಾಂಶ ಪ್ರಕಟಿಸುವುದಾದರೆ ಇಂಥ ಸಾರ್ವಜನಿಕ ಕೇಂದ್ರಗಳಲ್ಲಿ ಕಿರಣಕ್ಕೆ ಶುಲ್ಕವಿಲ್ಲ. ಪ್ರಯಾಣ, ವಾಸ್ತವ್ಯದ ನೆರವು ಎಷ್ಟು ಜನಕ್ಕೆ, ಎಷ್ಟು ದಿನಕ್ಕೆ ಎಂಬುದನ್ನು ಆಯಾ ಕರೆಯಲ್ಲಿ ಓದಿಕೊಳ್ಳಿ. ಜರ್ಮನಿಯ ಜೊತೆಗಾರರನ್ನು ಸಹ-ಪ್ರಸ್ತಾವಕರಾಗಿ ಸೇರಿಸಿ. ಸೆಲ್ ಅವರದು, ಪದಾರ್ಥ ನಿಮ್ಮದು. ಮಂಜೂರಾದ ಒಂದು ಬೀಮ್‌ಟೈಮ್ ಮುಂದಿನ ದ್ವಿಪಕ್ಷೀಯ ಅರ್ಜಿಯಲ್ಲಿ ಹತ್ತು ಪುಟದ ವಿವರಣೆಗಿಂತ ಹೆಚ್ಚು ತೂಗುತ್ತದೆ.

ಬೀಮ್‌ಟೈಮ್ ಅರ್ಜಿ ಬೀಳುವುದು ಹೆಚ್ಚಾಗಿ ಸಮಯದ ಲೆಕ್ಕದಲ್ಲಿ. ಒಂದು ಶಿಫ್ಟ್ ಎಂದರೆ 8 ಗಂಟೆ. ಸಿ/10 ವೇಗದಲ್ಲಿ ಚಾರ್ಜ್‌ಗೆ 10 ಗಂಟೆ, ಡಿಸ್‌ಚಾರ್ಜ್‌ಗೆ 10 ಗಂಟೆ, ಒಂದು ಸುತ್ತಿಗೆ 20 ಗಂಟೆ. ಮೊದಲ ಸುತ್ತಿನಲ್ಲಿ ಆಗುವುದು ಎರಡನೆಯದರಲ್ಲಿ ಆಗದಿರಬಹುದು, ಆದ್ದರಿಂದ ಎರಡು ಸುತ್ತು, 40 ಗಂಟೆ. ಆರು ಸೆಲ್‌ಗಳನ್ನು ಒಂದಾದ ಮೇಲೊಂದು ಅಳೆದರೆ 240 ಗಂಟೆ, ಅಂದರೆ 30 ಶಿಫ್ಟ್. ಅಷ್ಟನ್ನು ಯಾರೂ ಕೊಡುವುದಿಲ್ಲ. ಆರನ್ನೂ ಒಟ್ಟಿಗೆ ಓಡಿಸಿ, ಕಿರಣವನ್ನು ಸರದಿಯಲ್ಲಿ ಒಂದೊಂದರ ಮೇಲೆ ಹಾಯಿಸುವ ಹೋಲ್ಡರ್ ಇದ್ದರೆ ಅದೇ ಕೆಲಸ 5 ಶಿಫ್ಟ್‌ಗೆ ಇಳಿಯುತ್ತದೆ. ಜೋಡಣೆಗೊಂದು, ಕೈಕೊಟ್ಟ ಸೆಲ್ ಬದಲಿಸಲೊಂದು ಸೇರಿಸಿ 7 ಕೇಳಿ. ಈ ಲೆಕ್ಕ ಅರ್ಜಿಯಲ್ಲಿ ಕಾಣಬೇಕು. ಹನ್ನೆರಡು ಸಂಯೋಜನೆಗಳ ಪಟ್ಟಿ ಕೊಟ್ಟು ಯಾವುದು ಮುಖ್ಯ ಎಂದು ಹೇಳದ ಅರ್ಜಿಗೆ ಪರಿಶೀಲಕರು ಒಲಿಯುವುದಿಲ್ಲ. ನಾಲ್ಕು ಸಾಕು, ಆ ನಾಲ್ಕೇ ಏಕೆ ಎಂದು ಬರೆಯಿರಿ. ಉಳಿದ ಎರಡು ಜಾಗಕ್ಕೆ ಒಂದು ಹೋಲಿಕೆಯ ಸೆಲ್, ಒಂದು ಪುನರಾವರ್ತನೆ.

ಸ್ಯಾಂಪಲ್ ಸಾಗಣೆಯಲ್ಲಿ ಎಡವುವವರು ಬಹಳ. ಸೋಡಿಯಂ ಲೋಹ ನೀರು ಸೋಕಿದರೆ ಅಪಾಯಕಾರಿ ಎಂಬ 4.3 ವರ್ಗದ್ದು, ಯುಎನ್ ಸಂಖ್ಯೆ 1428. ಅದನ್ನು ವಿಮಾನದ ಬ್ಯಾಗೇಜಿನಲ್ಲಿ ಒಯ್ಯುವ ಮಾತೇ ಇಲ್ಲ. ಸೋಡಿಯಂ, ಎಲೆಕ್ಟ್ರೋಲೈಟ್, ಸಪರೇಟರ್ ಎಲ್ಲ ಅಲ್ಲಿನವೇ ಇರಲಿ. ಇಲ್ಲಿಂದ ಕ್ಯಾಥೋಡ್ ಪುಡಿ ಮಾತ್ರ ಹೋಗಲಿ, ಪ್ರತಿ ಸಂಯೋಜನೆಗೆ 2ರಿಂದ 5 ಗ್ರಾಂ. ಪಿ2 ಎಂಬ ಪದರ ರಚನೆಯ ಎಷ್ಟೋ ಆಕ್ಸೈಡ್‌ಗಳು ಗಾಳಿಯ ತೇವ ಹೀರಿ ಪದರಗಳ ನಡುವೆ ನೀರು ಸೇರಿಸಿಕೊಳ್ಳುತ್ತವೆ, ಮೇಲ್ಮೈಯಲ್ಲಿ ಕಾರ್ಬೊನೇಟ್ ಕಟ್ಟುತ್ತದೆ. ಗ್ಲವ್ ಬಾಕ್ಸ್ ಒಳಗೇ ಆರ್ಗಾನ್‌ನಲ್ಲಿ ಅಲ್ಯೂಮಿನಿಯಂ ಲ್ಯಾಮಿನೇಟ್ ಚೀಲಕ್ಕೆ ಸೀಲ್ ಮಾಡಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಮತ್ತೆ ಸೀಲ್ ಮಾಡಿ. ಅದೇ ಬ್ಯಾಚಿನ ಒಂದು ಚೀಲ ನಿಮ್ಮಲ್ಲೂ ಉಳಿಯಲಿ. ಅಲ್ಲಿ ವಿಚಿತ್ರ ಶಿಖರ ಕಂಡಾಗ ದೋಷ ಸಂಶ್ಲೇಷಣೆಯದೋ ಪ್ರಯಾಣದ್ದೋ ಎಂದು ತಿಳಿಯಲು ಬೇರೆ ಉಪಾಯವಿಲ್ಲ. ಜೊತೆಗೆ ಸುರಕ್ಷತಾ ದತ್ತಾಂಶ ಪತ್ರ, ಸಂಶೋಧನೆಗೆ ಮಾತ್ರ ಮತ್ತು ವಾಣಿಜ್ಯ ಮೌಲ್ಯವಿಲ್ಲ ಎಂದು ಬರೆದ ಇನ್‌ವಾಯ್ಸ್, ವಿಭಾಗದ ಮುಖ್ಯಸ್ಥರ ಪತ್ರ ಇರಲಿ. ಡೆಸಿಯಲ್ಲಿ ಸ್ಯಾಂಪಲ್‌ಗಳ ವಿವರ, ಬಳಸುವವರ ಹೆಸರು ಎಲ್ಲ ಡೋರ್ ಎಂಬ ಅವರ ಆನ್‌ಲೈನ್ ವ್ಯವಸ್ಥೆಯಲ್ಲಿ ಮೊದಲೇ ದಾಖಲಾಗಿರಬೇಕು. ಅಲ್ಲಿ ಗ್ಲವ್ ಬಾಕ್ಸ್ ಬೇಕೆಂದು ಹೇಳುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ. ಸೋಡಿಯಂ ಕ್ಯಾಥೋಡ್‌ಗೆ ಸಾಮಾನ್ಯವಾಗಿ ತೊಡಕಿಲ್ಲ, ಆದರೆ ವಿಶೇಷ ಮಿಶ್ರಲೋಹ, ಕಾರ್ಬನ್ ಫೈಬರ್‌ನಂಥವುಗಳ ಮೇಲೆ ಕೆಲಸ ಮಾಡುವ ಓದುಗರು ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿ ನೋಡಲೇಬೇಕು. ಪಟ್ಟಿಯಲ್ಲಿರುವ ವಸ್ತುವನ್ನಾಗಲಿ ಅದರ ತಂತ್ರಜ್ಞಾನವನ್ನಾಗಲಿ ಅನುಮತಿ ಇಲ್ಲದೆ ಹೊರಗೆ ಕಳಿಸುವುದು ಅಪರಾಧ.

ಯಾವ ಕರೆ ನಿಮಗೆ ಹೊಂದುತ್ತದೆ

ನಿಮ್ಮ ಸ್ಥಿತಿಯಲ್ಲಿ ಮೊದಲ ಆಯ್ಕೆ ಡಿಎಸ್‌ಟಿ-ಡಿಎಎಡಿ. ಇಬ್ಬರು ವಿದ್ಯಾರ್ಥಿಗಳಿದ್ದಾರೆ, ಭೇಟಿಯಿಂದ ಆಗುವ ಕೆಲಸ ಸ್ಪಷ್ಟವಿದೆ. ಜರ್ಮನಿಯ ಕಡೆ ಅರ್ಜಿ ಹಾಕುವವರ ಹುದ್ದೆ ಯೋಜನೆ ಮುಗಿಯುವವರೆಗೂ ಇರುತ್ತದೆಯೇ ಎಂದು ಮುಜುಗರಪಡದೆ ಕೇಳಿ. ಅಲ್ಲಿನ ತಂಡಗಳಲ್ಲಿ ನಿಮ್ಮೊಂದಿಗೆ ದಿನನಿತ್ಯ ಪತ್ರ ವ್ಯವಹಾರ ಮಾಡುವವರು ಬಹುತೇಕ ಒಪ್ಪಂದದ ಮೇಲಿರುವ ಪೋಸ್ಟ್‌ಡಾಕ್‌ಗಳು. ಅವರ ಹೆಸರಿನಲ್ಲಿ ಅರ್ಜಿ ಹೋಗಿ, ನಡುವೆ ಒಪ್ಪಂದ ಮುಗಿದು ಅವರು ಬೇರೆ ದೇಶಕ್ಕೆ ಹೋದರೆ ನಿಮ್ಮ ಯೋಜನೆ ಅನಾಥ.

ಗುರುಗ್ರಾಮದ ಇಂಡೋ-ಜರ್ಮನ್ ಕೇಂದ್ರ, ಐಜಿಎಸ್‌ಟಿಸಿ, 2010ರಲ್ಲಿ ಶುರುವಾದದ್ದು. ಅದರ 2+2 ಯೋಜನೆಗೆ ಎರಡೂ ದೇಶಗಳಿಂದ ತಲಾ ಒಂದು ಸಂಶೋಧನಾ ಸಂಸ್ಥೆ, ಒಂದು ಉದ್ಯಮ ಬೇಕು. ಇಲ್ಲಿ ಸಂಶೋಧನೆಗೇ ಹಣವಿದೆ, ಓಡಾಟಕ್ಕೆ ಮಾತ್ರವಲ್ಲ. ಆದರೆ ಉದ್ಯಮ ಹೆಸರಿಗೆ ಮಾತ್ರ ಇದ್ದರೆ ಸಾಲದು, ತನ್ನ ಪಾಲಿನ ಕೆಲಸ ಮತ್ತು ಹಣ ತರಬೇಕು. ಕಿಲೋಗ್ರಾಂ ಮಟ್ಟದಲ್ಲಿ ಕ್ಯಾಥೋಡ್ ತಯಾರಿಸಿ ತೋರಿಸುವ ಹಂತ ಮುಟ್ಟಿದ ಮೇಲೆ ಅತ್ತ ನೋಡಿ, ಈಗಲೇ ಬೇಡ. ಅದೇ ಕೇಂದ್ರದ ವೈಸರ್ ಯೋಜನೆ ಮಹಿಳಾ ಸಂಶೋಧಕರಿಗೆ, ಪೆಕ್‌ಫಾರ್ ಎರಡೂ ದೇಶದ ಯುವ ಸಂಶೋಧಕರ ಜೋಡಿಗೆ. ಪೆಕ್‌ಫಾರ್ ನಿಮಗೆ ಹೊಂದಬಹುದು.

ಶಿಕ್ಷಣ ಸಚಿವಾಲಯದ ಸ್ಪಾರ್ಕ್ ಯೋಜನೆ 2018ರದು, ಖರಗ್‌ಪುರ ಐಐಟಿ ಅದರ ಸಮನ್ವಯಕ. ಅಲ್ಲಿ ಭಾರತೀಯ ಸಂಸ್ಥೆಗೂ ವಿದೇಶಿ ಸಂಸ್ಥೆಗೂ ರ‍್ಯಾಂಕಿಂಗ್ ಷರತ್ತುಗಳಿವೆ. ರಾಜ್ಯ ವಿಶ್ವವಿದ್ಯಾಲಯದವರು ಪ್ರಸ್ತಾವನೆ ಬರೆಯಲು ಕೂರುವ ಮೊದಲು ಆ ಷರತ್ತು ಓದಬೇಕು. ಎರಡು ತಿಂಗಳು ಬರೆದು ಪೋರ್ಟಲ್‌ನ ಮೊದಲ ಪುಟದಲ್ಲೇ ಸಂಸ್ಥೆಯ ಹೆಸರು ಸಿಗದೆ ನಿಲ್ಲುವುದು ಬೇಡ.

ಯುರೋಪಿನ ಹೊರೈಜನ್ ಕಾರ್ಯಕ್ರಮದ ಹೆಸರು ದೊಡ್ಡದು, ಆದರೆ ತಾನಾಗಿ ಹಣ ಪಡೆಯುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಒಕ್ಕೂಟದಲ್ಲಿ ಸೇರಬಹುದು, ಖರ್ಚು ಸಾಮಾನ್ಯವಾಗಿ ನಿಮ್ಮದೇ. ಅದೇ ಕಾರ್ಯಕ್ರಮದ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ರಾಷ್ಟ್ರೀಯತೆಯ ಅಡ್ಡಿಯಿಲ್ಲ. ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಅನುಭವ 8 ವರ್ಷ ಮೀರಿರಬಾರದು, ಕಳೆದ 36 ತಿಂಗಳಲ್ಲಿ ಹೋಗುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ನಿಮ್ಮ ಹಿರಿಯ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿದೊಡನೆ ಇದೇ ಜರ್ಮನ್ ತಂಡಕ್ಕೆ ಹೋಗುವಂತಾದರೆ ಎರಡು ವರ್ಷ ಸೇತುವೆ ಗಟ್ಟಿ. ಜರ್ಮನಿಯ ಹುಂಬೋಲ್ಟ್ ಫೆಲೋಶಿಪ್ ನಿಮಗೇ ಸಲ್ಲಬಹುದು. ಅದರಲ್ಲಿ ಒಮ್ಮೆ ಹೋಗಿಬಂದವರಿಗೆ ಮುಂದೆ ಮರುಭೇಟಿ, ಉಪಕರಣ ಸಹಾಯಧನದಂಥ ಅನುಕೂಲಗಳೂ ಇವೆ.

ಫ್ರಾನ್ಸ್ ಕಡೆಗೆ ಮುಖ ಮಾಡಿರುವ ಓದುಗರಿಗೆ 1987ರಿಂದ ಇರುವ ಭಾರತ-ಫ್ರಾನ್ಸ್ ಸಂಶೋಧನಾ ಕೇಂದ್ರ ಸೆಫಿಪ್ರಾ ಇದೆ. ದ್ವಿಪಕ್ಷೀಯ ಸಂಸ್ಥೆಗಳಲ್ಲಿ ಸಂಶೋಧನೆಗೇ ಮೂರು ವರ್ಷ ಹಣ ಕೊಡುವ ಅಪರೂಪದ ಒಂದು. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅದರ ರಾಮನ್-ಚಾರ್ಪಾಕ್ ಫೆಲೋಶಿಪ್ ಇದೆ. ಜಪಾನಿಗೆ ಡಿಎಸ್‌ಟಿ-ಜೆಎಸ್‌ಪಿಎಸ್ ಕರೆ, ಆಸ್ಟ್ರೇಲಿಯಾಕ್ಕೆ 2006ರ ಜಂಟಿ ನಿಧಿ. ಹೊರದೇಶದಲ್ಲಿ ನೆಲೆಸಿರುವ ಕನ್ನಡಿಗ ಸಂಶೋಧಕರು ಊರ ಕಡೆಯ ಪ್ರಯೋಗಾಲಯಕ್ಕೆ ವರ್ಷಕ್ಕೆ ಒಂದೆರಡು ತಿಂಗಳು ಬಂದು ಕೆಲಸ ಮಾಡಲು ಡಿಎಸ್‌ಟಿಯ ವೈಭವ್ ಫೆಲೋಶಿಪ್ ಇದೆ, ಮೂರು ವರ್ಷದವರೆಗೆ. ಆತಿಥೇಯ ಸಂಸ್ಥೆಗೆ ಅಲ್ಲೂ ಅರ್ಹತೆಯ ಗೆರೆ ಇದೆ.

ಅರ್ಜಿ ಬರೆಯುವಾಗ

ಎರಡೂ ಕಡೆಯ ಅರ್ಜಿಯಲ್ಲಿ ಶೀರ್ಷಿಕೆ ಅಕ್ಷರಶಃ ಒಂದೇ ಇರಲಿ, ಅವಧಿ ಒಂದೇ ಇರಲಿ, ಭೇಟಿಗಳ ಪಟ್ಟಿ ಹೊಂದಲಿ. ಡಿಎಸ್‌ಟಿಯ ಇ-ಪಿಎಂಎಸ್ ಪೋರ್ಟಲ್‌ನಲ್ಲಿ ನೀವು ಹಾಕಿದ ದಿನವೇ ಅವರು ತಮ್ಮ ಪೋರ್ಟಲ್‌ನಲ್ಲಿ ಹಾಕಿದರೇ ಎಂದು ಖಚಿತಪಡಿಸಿಕೊಳ್ಳಿ. ಎರಡು ದೇಶದ ಕೊನೆಯ ದಿನಾಂಕ ಬೇರೆಬೇರೆ ಇರುವುದುಂಟು, ಕೊನೆಯ ಗಂಟೆಯಂತೂ ಯುರೋಪಿನ ಸಮಯದ್ದೋ ನಮ್ಮದೋ ಎಂಬ ಗೊಂದಲ ಸಾಮಾನ್ಯ. ಒಂದೇ ಕಡೆ ಬಂದ ಅರ್ಜಿಯನ್ನು ಯಾರೂ ಓದುವುದಿಲ್ಲ.

ಪರಿಶೀಲಕರು ಮೊದಲು ಕೇಳುವುದು ಈ ಕೆಲಸಕ್ಕೆ ಎರಡು ದೇಶ ಏಕೆ ಬೇಕು ಎಂದು. "ಅವರ ಉಪಕರಣ ಚೆನ್ನಾಗಿದೆ" ಎಂಬುದು ಉತ್ತರವಾಗದು, ಉಪಕರಣ ಬೆಂಗಳೂರಿನಲ್ಲೂ ಸಿಗುತ್ತದೆ. ನೀವು ಅವರಿಗೆ ಏನು ಕೊಡುತ್ತೀರಿ ಎಂಬುದನ್ನು ಅಳತೆಯಲ್ಲಿ ಬರೆಯಿರಿ. ಒಂದು ಸಂಯೋಜನೆಯಿಂದ ಇನ್ನೊಂದಕ್ಕೆ ಸೋಡಿಯಂ ಪ್ರಮಾಣ ಎಷ್ಟು ಬದಲಿಸುತ್ತೀರಿ, ಬ್ಯಾಚಿನಿಂದ ಬ್ಯಾಚಿಗೆ ಸಾಮರ್ಥ್ಯ ಎಷ್ಟು ವ್ಯತ್ಯಾಸವಾಗುತ್ತದೆ, 100 ಸುತ್ತಿನ ನಂತರ ಎಷ್ಟು ಉಳಿಯುತ್ತದೆ. ಪದಾರ್ಥ ತಯಾರಿಸುವ ತಂಡ ಮತ್ತು ಅಳೆಯುವ ತಂಡ ಕೂಡಿದಾಗ ಬರುವ ದೊಡ್ಡ ಅಪಾಯವೆಂದರೆ ತಯಾರಿಸುವವರು ಸರಬರಾಜುದಾರರಾಗಿ ಉಳಿಯುವುದು. ದತ್ತಾಂಶದ ವಿಶ್ಲೇಷಣೆ, ವಿವರ್ತನೆಯ ಅಳತೆಗೆ ರಚನೆ ಹೊಂದಿಸುವ ರೀಟ್‌ವೆಲ್ಡ್ ಪರಿಷ್ಕರಣೆಯ ಒಂದು ಭಾಗವಾದರೂ ನಿಮ್ಮ ವಿದ್ಯಾರ್ಥಿಯ ಹೆಸರಿನಲ್ಲಿರಲಿ, ಪ್ರಬಂಧದಲ್ಲಿ ಮೊದಲ ಹೆಸರು ಯಾರದೆಂಬುದು ಸ್ಯಾಂಪಲ್ ಕಳಿಸುವ ಮೊದಲೇ ಇಮೇಲ್‌ನಲ್ಲಿ ತೀರ್ಮಾನವಾಗಲಿ.

ಭೇಟಿಗಳನ್ನು ಬೀಮ್‌ಟೈಮ್‌ಗೆ ಹೊಂದಿಸಿ. ಮೊದಲ ತಿಂಗಳೇ ಹೋಗುವುದು ವ್ಯರ್ಥ, ಒಯ್ಯಲು ಸ್ಯಾಂಪಲ್ ಇರುವುದಿಲ್ಲ. ಮೊದಲು ಅವರ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರು ನಿಮ್ಮಲ್ಲಿಗೆ ಬಂದು ಸಂಶ್ಲೇಷಣೆ ಕಲಿತು ಹೋಗಲಿ. ಹೀಗೆ ಮಾಡುವವರು ಕಡಿಮೆ. ವಿದೇಶದಿಂದ ಬರುವ ಭೇಟಿಗಳನ್ನು ಒಂದು ಭಾಷಣ, ಒಂದು ಹಂಪಿ ಪ್ರವಾಸದಲ್ಲಿ ಮುಗಿಸಿಬಿಡುತ್ತೇವೆ, ಹಂಪಿಗೆ ನನ್ನ ತಕರಾರಿಲ್ಲ. ಫರ್ನೇಸಿನ ಮುಂದೆ ಎರಡು ವಾರ ಕೂತು ಹೋದ ವಿದ್ಯಾರ್ಥಿಗೆ ಯಾವ ಸ್ಯಾಂಪಲ್ ನಂಬಬಹುದು ಎಂಬುದು ಗೊತ್ತಿರುತ್ತದೆ.

ಬಜೆಟ್‌ನಲ್ಲಿ ಯಾರು ಯಾವ ಖರ್ಚು ಹೊರುತ್ತಾರೆ ಎಂಬುದನ್ನು ಕರೆಯ ಪಠ್ಯದಿಂದಲೇ ತೆಗೆಯಿರಿ. ಕೆಲವು ಒಪ್ಪಂದಗಳಲ್ಲಿ ಕಳಿಸುವ ದೇಶ ಎಲ್ಲವನ್ನೂ ಕೊಡುತ್ತದೆ, ಕೆಲವದರಲ್ಲಿ ಟಿಕೆಟ್ ಕಳಿಸುವವರದು, ಊಟ-ವಸತಿ ಆತಿಥೇಯರದು. ಎರಡೂ ಕಡೆ ಒಂದೇ ಖರ್ಚು ಬರೆದರೆ ಕಡಿತವಾಗುತ್ತದೆ, ಯಾರೂ ಬರೆಯದಿದ್ದರೆ ವಿದ್ಯಾರ್ಥಿಯ ಜೇಬಿನಿಂದ ಹೋಗುತ್ತದೆ. ಷೆಂಗೆನ್ ವೀಸಾ ಶುಲ್ಕ 90 ಯುರೋ, ವೈದ್ಯಕೀಯ ವಿಮೆ ಕನಿಷ್ಠ 30,000 ಯುರೋ ರಕ್ಷಣೆಯದು. ಯಾವುದೇ 180 ದಿನದಲ್ಲಿ 90 ದಿನ ಮೀರಿದರೆ ಆ ವೀಸಾ ನಡೆಯದು, ರಾಷ್ಟ್ರೀಯ ವೀಸಾ ಬೇಕು, ಅದಕ್ಕೆ ಸಮಯವೂ ಹೆಚ್ಚು. ಮೂರು ತಿಂಗಳ ಭೇಟಿ ಎಂದು ಸುಮ್ಮನೆ ಬರೆಯುವ ಬದಲು 85 ದಿನ ಎಂದು ಬರೆಯಿರಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದರೆ ಮೂರೇ ತಿಂಗಳಲ್ಲವೇ ಎಂಬ ತಪ್ಪು ಲೆಕ್ಕದಿಂದ 92 ದಿನಕ್ಕೆ ಟಿಕೆಟ್ ಮಾಡಿಸಿ ಸಿಕ್ಕಿಬೀಳುವುದು ತಪ್ಪುತ್ತದೆ.

ವಿಶ್ವವಿದ್ಯಾಲಯದ ಒಳಗಿನ ದಾರಿ

ಹಣ ಮಂಜೂರಾದ ಮೇಲೆ ಯೋಜನೆಗಳು ಸೊರಗುವುದು ಇಲ್ಲೇ. ಕೇಂದ್ರದ ಅನುದಾನ ಈಗ ನಿಮ್ಮ ಖಾತೆಗೆ ಬಂದು ಕೂರುವುದು ಕಡಿಮೆ. ಕೇಂದ್ರದ ಹಣ ನಿರ್ವಹಣಾ ಜಾಲವಾದ ಪಿಎಫ್‌ಎಂಎಸ್‌ಗೆ ಜೋಡಿಸಿದ ಶೂನ್ಯ ಶಿಲ್ಕಿನ ಖಾತೆಗೆ ಖರ್ಚಿನ ಮಿತಿ ಬರುತ್ತದೆ. ಟ್ರೆಷರಿ ಸಿಂಗಲ್ ಅಕೌಂಟ್ ಪದ್ಧತಿಯಲ್ಲಿ ಮಾರ್ಚ್ 31ರೊಳಗೆ ಬಳಸದ ಮಿತಿ ಬಿದ್ದುಹೋಗುತ್ತದೆ. ಫೆಬ್ರವರಿಯಲ್ಲಿ ಮಂಜೂರಾತಿ ಬಂದು, ಭೇಟಿ ಜೂನ್‌ಗೆ ಇದ್ದರೆ ಮುಂದೇನು ಎಂಬುದನ್ನು ಯೋಜನೆಯ ಅಧಿಕಾರಿಗೆ ಕೂಡಲೇ ಬರೆದು ಕೇಳಿ. ಎರಡನೇ ಕಂತಿಗೆ ಜಿಎಫ್‌ಆರ್ 12-ಎ ನಮೂನೆಯ ವಿನಿಯೋಗ ಪ್ರಮಾಣಪತ್ರ, ಅಂದರೆ ಯುಸಿ, ಮತ್ತು ಖರ್ಚಿನ ತಖ್ತೆ ಬೇಕು. ಸಹಿ ಹಣಕಾಸು ಅಧಿಕಾರಿಯದು, ಆ ಮೇಜಿನ ಮೇಲೆ ನಿಮ್ಮ ಕಡತದ ಜೊತೆ ನಲವತ್ತು ಕಡತಗಳಿರುತ್ತವೆ. ಏಪ್ರಿಲ್ ಮೊದಲ ವಾರವೇ ಕರಡು ತಯಾರಿಸಿ ಕೊಂಡೊಯ್ಯಿರಿ. ಖಾತೆಯಲ್ಲಿ ಬಡ್ಡಿ ಬಂದಿದ್ದರೆ ಅದು ನಿಮ್ಮದಲ್ಲ, ಸರ್ಕಾರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಪೋರ್ಟಲ್ ಮೂಲಕ ಮರಳಿಸಬೇಕು. ಮರಳಿಸಿದ ರಸೀದಿ ಇಲ್ಲದ ಯುಸಿ ಹಿಂದಿರುಗಿ ಬರುತ್ತದೆ.

ಖರೀದಿಗೆ ರಾಜ್ಯ ವಿಶ್ವವಿದ್ಯಾಲಯವಾದ್ದರಿಂದ 1999ರ ಕರ್ನಾಟಕ ಸಾರ್ವಜನಿಕ ಖರೀದಿ ಪಾರದರ್ಶಕತೆ (ಕೆಟಿಪಿಪಿ) ಕಾಯ್ದೆ, ಕೇಂದ್ರದ ಹಣವಾದ್ದರಿಂದ ಮಂಜೂರಾತಿ ಆದೇಶದ ಷರತ್ತುಗಳು, ಎರಡನ್ನೂ ನೋಡಬೇಕು. ಆಮದು ಉಪಕರಣವಿದ್ದರೆ ತೆರಿಗೆಯನ್ನು ಹಳೆಯ ಅಂದಾಜಿನಲ್ಲಿ ಬರೆಯಬೇಡಿ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈ 18ರಿಂದ ಹೋಗಿದೆ, ಹೆಚ್ಚಿನ ಉಪಕರಣಗಳಿಗೆ ಈಗ ಶೇ 18. 20 ಲಕ್ಷದ ಉಪಕರಣಕ್ಕೆ ಈ ಒಂದೇ ವ್ಯತ್ಯಾಸ 2.6 ಲಕ್ಷ. ಆಮದು ಸುಂಕದ ರಿಯಾಯಿತಿಗೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ (ಡಿಎಸ್‌ಐಆರ್) ನೋಂದಣಿ ಚಾಲ್ತಿಯಲ್ಲಿರಬೇಕು, ಅದರ ಅವಧಿ ಮುಗಿದಿರುವುದು ಗೊತ್ತಾಗುವುದು ಸಾಮಾನ್ಯವಾಗಿ ಪೆಟ್ಟಿಗೆ ಬಂದರಿನಲ್ಲಿ ನಿಂತಾಗ.

ವಿದೇಶಿ ಹಣ ನೇರವಾಗಿ ಸಂಸ್ಥೆಗೆ ಬರುವ ಸಂದರ್ಭ ಬಂದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ (ಎಫ್‌ಸಿಆರ್‌ಎ) ಕಾಯ್ದೆ ಎದುರಾಗುತ್ತದೆ. ಕಾಯ್ದೆಯಡಿ ಸ್ಥಾಪನೆಯಾಗಿ, ಸಿಎಜಿ ಲೆಕ್ಕಪರಿಶೋಧನೆ ಕಡ್ಡಾಯವಾಗಿರುವ ಸಂಸ್ಥೆಗಳಿಗೆ ವಿನಾಯಿತಿ ಇದೆ. ನಿಮ್ಮದು ಆ ಸಾಲಿನಲ್ಲಿ ಬರುತ್ತದೆಯೇ ಎಂಬುದನ್ನು ಹಣಕಾಸು ಅಧಿಕಾರಿಯಿಂದ ಬರಹದಲ್ಲಿ ಪಡೆಯಿರಿ. ಟ್ರಸ್ಟ್ ನಡೆಸುವ ಖಾಸಗಿ ಎಂಜಿನಿಯರಿಂಗ್ ಕಾಲೇಜಿನವರಿಗೆ ನೋಂದಣಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಜರ್ಮನಿಯವರು ನಿಮ್ಮ ಊಟ-ವಸತಿ ಭರಿಸುವುದಾದರೆ, ಸರ್ಕಾರಿ ನಿಯಂತ್ರಣದ ಸಂಸ್ಥೆಯ ನೌಕರರಿಗೆ ವಿದೇಶಿ ಆತಿಥ್ಯದ ಅನುಮತಿ ಬೇಕಾಗಬಹುದು. ಅದಕ್ಕೆ ಎಫ್‌ಸಿ-2 ಅರ್ಜಿ, ಪ್ರಯಾಣಕ್ಕೆ ಕನಿಷ್ಠ ಎರಡು ವಾರ ಮೊದಲು. ರಿಜಿಸ್ಟ್ರಾರ್ ಕಚೇರಿಯ ನಿರಾಕ್ಷೇಪಣಾ ಪತ್ರಕ್ಕೂ ವೀಸಾ ಅರ್ಜಿಗೂ ನಡುವೆ ಇದು ಸಿಕ್ಕಿಕೊಳ್ಳದಂತೆ, ಆಹ್ವಾನ ಪತ್ರ ಬಂದ ದಿನವೇ ಮೂರನ್ನೂ ಒಟ್ಟಿಗೆ ಶುರುಮಾಡಿ.

ಇನ್ನು ಪೇಟೆಂಟ್. ಕ್ಯಾಥೋಡ್‌ನ ಹೊಸ ಸಂಯೋಜನೆ ಜಂಟಿಯಾಗಿ ಹುಟ್ಟಿದಾಗ ಜರ್ಮನಿಯ ಸಂಸ್ಥೆಯ ತಂತ್ರಜ್ಞಾನ ಕಚೇರಿ ಅಲ್ಲೇ ಅರ್ಜಿ ಸಲ್ಲಿಸಲು ಮುಂದಾಗುತ್ತದೆ, ಅವರ ಕೆಲಸವೇ ಅದು. ಆದರೆ ನಮ್ಮ ಪೇಟೆಂಟ್ ಕಾಯ್ದೆಯ 39ನೇ ಕಲಮಿನ ಪ್ರಕಾರ ಭಾರತದ ನಿವಾಸಿ ಆವಿಷ್ಕಾರಕರು ಹೊರದೇಶದಲ್ಲಿ ಅರ್ಜಿ ಹಾಕಬೇಕಾದರೆ ಎರಡರಲ್ಲಿ ಒಂದು ಮಾಡಬೇಕು: ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯುವುದು, ಇಲ್ಲವೇ ನಮೂನೆ 25ರಲ್ಲಿ ಅನುಮತಿ ಪಡೆಯುವುದು. ಆವಿಷ್ಕಾರಕರ ಪಟ್ಟಿಯಲ್ಲಿ ಭಾರತದ ಕಡೆಯಿಂದ ನಿಮ್ಮ ವಿದ್ಯಾರ್ಥಿಯ ಹೆಸರೊಂದೇ ಇದ್ದರೂ ಈ ನಿಯಮ ತಪ್ಪದು. ಸಹಕಾರ ಒಪ್ಪಂದದಲ್ಲಿ ಇದನ್ನು ಒಂದು ಸಾಲಿನಲ್ಲಿ ಸೇರಿಸಿ, ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಮುನ್ನ ಎರಡೂ ಕಡೆ ನೋಡಿ ಒಪ್ಪುವುದು ಎಂದೂ ಬರೆಯಿರಿ. ಪ್ರಕಟವಾದ ಸಾರಾಂಶವೇ ಯುರೋಪಿನ ಪೇಟೆಂಟಿಗೆ ಮುಳುವಾಗಬಹುದು.